ಅತ್ತೆಯ ಕಾರಿನ ಕ್ಲಚ್ಚು ಬಿಡದ ಹತ್ತು ದಿನ

ನಮ್ಮ ಮನೆಯಲ್ಲಿ ಸಾಮಾನು ಕೆಡುವುದು ಒಂದೇ ಕ್ಷಣದಲ್ಲಿ. ಅದನ್ನು ಸರಿ ಮಾಡ್ತೀನಿ ಅಂತ ಬಂದವರ ಕಥೆ ಮಾತ್ರ ವಾರಗಟ್ಟಲೆ ನಡೆಯುತ್ತದೆ. ಮಿಕ್ಸಿ ಕೆಟ್ಟಾಗ ಹಾಗೇ ಆಯಿತು, ನೀರಿನ ಮೋಟರ್ ಕೆಟ್ಟಾಗಲೂ ಹಾಗೇ ಆಯಿತು. ಈ ಸಲ ಅತ್ತೆಯ ಕಾರಿನ ಸರದಿ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಎಪ್ಪತ್ತೊಂಬತ್ತು ವರ್ಷ. ಮದುವೆ ಆಗಲಿಲ್ಲ. ಜಾಲಹಳ್ಳಿಯ ಒಂದು ಸರ್ಕಾರಿ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತು, ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಚೀಟಿ ಕಟ್ಟಿ 'ರಿಜೆಕ್ಟ್' ಅಂದವರು. ರಿಟೈರ್ ಆದ ಮೇಲೂ ಆ ಅಭ್ಯಾಸ ಹೋಗಿಲ್ಲ. ನಾನು ಮಾಡಿದ ಚಪಾತಿಗಳಲ್ಲಿ ಅರ್ಧಕ್ಕರ್ಧ ಇವತ್ತಿಗೂ ಪಾಸಾಗುವುದಿಲ್ಲ.

ನಾನು ಮಾತ್ರೆ ಪ್ಯಾಕ್ ಮಾಡುವ ಯಂತ್ರಗಳನ್ನು ಕೂರಿಸುವ ಕೆಲಸದಲ್ಲಿ ದೇಶ ದೇಶ ಸುತ್ತಿದವಳು. ಒಂದೇ ಊರಲ್ಲಿ ಮೂರು ತಿಂಗಳು ಕೂತರೆ ನನಗೂ ತುಕ್ಕು ಹಿಡಿಯುತ್ತದೆ. ಎರಡು ಪ್ರಯಾಣಗಳ ನಡುವೆ ಬಂದು ಇಳಿಯೋದು ಅತ್ತೆಯ ಮನೆಗೇ.

ಇನ್ನು ಕಾರು. ಗಟ್ಟಿ ಮೊಸರಿನ ಬಣ್ಣ, ಸ್ಟೀರಿಂಗ್ ಪಕ್ಕದಲ್ಲಿ ಗೇರಿನ ಕೋಲು. ಈಗ ರಸ್ತೆಗಿಳಿದರೆ ಜನ ನಿಂತು ಫೋಟೋ ತೆಗೆಯುವಂಥದ್ದು. ಅತ್ತೆ ಅದನ್ನು ದಿನಾ ಫ್ಯಾಕ್ಟರಿಗೆ ಓಡಿಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಗೇಟಿನ ಕಾವಲುಗಾರ ಬೇರೆ ಯಾರಿಗೂ ಹೊಡೆಯದ ಸೆಲ್ಯೂಟ್ ಇವರಿಗೆ ಹೊಡೀತಿದ್ದನಂತೆ. ಆ ಕಾರಿಗೆ ಕೆಲವು ನಿಯಮಗಳಿವೆ. ಚಪ್ಪಲಿ ಬಿಟ್ಟು ಹತ್ತಬೇಕು. ಬಾಗಿಲು ಬಡಿಯಬಾರದು. ಅತ್ತೆ ಅಳತೆ ಕೊಟ್ಟು ಹೊಲಿಸಿದ ಕೆಂಪು ಮ್ಯಾಟ್ ಮುಟ್ಟಬಾರದು. ಒಳಗೆ ಕೂತು ಏನೂ ತಿನ್ನಬಾರದು.

ಆರು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆದಮೇಲೆ ಅತ್ತೆ ಓಡಿಸುವುದು ನಿಲ್ಲಿಸಿದರು. ಪೋರ್ಟಿಕೋದಲ್ಲಿ ನಿಂತ ಕಾರನ್ನು ಭಾನುವಾರ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ, ಗೇರು ಮುಟ್ಟದೆ, ಆಫ್ ಮಾಡಿ ಬರುತ್ತಿದ್ದರು, ಅಷ್ಟೇ. ಈ ವರ್ಷ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಕಾರನ್ನು ಯಲಹಂಕದ ಆರ್‌ಟಿಒ ಕಚೇರಿಗೆ ಒಯ್ದು, ಇನ್‌ಸ್ಪೆಕ್ಟರ್ ಎದುರು ಹಿಂದೆ ಮುಂದೆ ಓಡಿಸಿ ತೋರಿಸಿದರೆ ನೋಂದಣಿ ಮುಂದುವರಿಯುತ್ತದೆ. ಸಿಕ್ಕ ದಿನಾಂಕಕ್ಕೆ ಹತ್ತು ದಿನ ಇತ್ತು. ನಾನು ಹತ್ತಿ ಕೂತು, ಎಂಜಿನ್ ಶುರು ಮಾಡಿ, ಕ್ಲಚ್ ಒತ್ತಿ, ಗೇರ್ ಹಾಕಿದೆ. ಕರ್ರ್ರ್ರ್ ಅಂತ ಬಂದ ಸದ್ದಿಗೆ ಎದುರು ಮನೆಯ ನಾಯಿ ಎದ್ದು ಒಳಗೆ ಹೋಯಿತು.

ಕ್ಲಚ್ ಅಂದರೆ ಎಂಜಿನ್ನೂ ಗೇರೂ ಪರಸ್ಪರ ಹಿಡಿದುಕೊಂಡಿರುವ ಕೈ. ಪೆಡಲ್ ಒತ್ತಿದರೆ ಆ ಕೈ ಬಿಡಬೇಕು. ಬಿಟ್ಟರೆ ಮಾತ್ರ ಗೇರ್ ಬೀಳುತ್ತದೆ. ನಮ್ಮದು ಎಷ್ಟು ಒತ್ತಿದರೂ ಬಿಡಲಿಲ್ಲ.

ಅತ್ತೆ ಬಾಗಿಲಲ್ಲಿ ಕೋಲೂರಿ ನಿಂತು ಕೇಳಿಸಿಕೊಂಡರು. "ಸರಿ. ಹತ್ತು ದಿನ ಟೈಮಿದೆ. ಪಾಸಾದರೆ ಇರುತ್ತೆ, ಇಲ್ಲಾಂದ್ರೆ ಗುಜರಿಯವನಿಗೆ ಫೋನ್ ಮಾಡು. ರಿಜೆಕ್ಟ್ ಆದ ಪೀಸನ್ನ ಮನೇಲಿಟ್ಕೊಂಡು ಮುದ್ದಾಡೋ ಅಭ್ಯಾಸ ನನಗಿಲ್ಲ ಕಣೇ" ಅಂದರು. ಒಳಗೆ ಹೋಗುವಾಗ ಮಾತ್ರ, ನಾನು ನೋಡುತ್ತಿಲ್ಲ ಅಂದುಕೊಂಡು, ಬಾನೆಟ್ಟಿನ ಮೇಲೆ ಕರುವಿನ ಬೆನ್ನು ಸವರಿದ ಹಾಗೆ ಕೈ ಆಡಿಸಿದರು.



೧. ವಾಹನ ಪತ್ತೆಯಾಗಿಲ್ಲ

ಮೊದಲು ಬಂದದ್ದು ಫೋನಿನ ಆ್ಯಪ್‌ನಲ್ಲಿ ಬುಕ್ ಮಾಡಿದ ಮೆಕ್ಯಾನಿಕ್. ಇಸ್ತ್ರಿ ಮಾಡಿದ ಯೂನಿಫಾರ್ಮು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಟ್ಯಾಬು. ಅತ್ತೆ ಹೇಳುವ ಮೊದಲೇ ಶೂ ಬಿಚ್ಚಿದ. ಒಂದು ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅತ್ತೆಯ ಮುಖದಲ್ಲಿ ಅಲ್ಲೇ ಅರ್ಧ ಸಮಾಧಾನ ಬಂತು.

ಅವನು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಟಾರ್ಚ್ ಬಿಟ್ಟು, ಕಾಲು ಗಂಟೆ ಹುಡುಕಿದ.

"ಏನ್ ಹುಡುಕ್ತಿದ್ದೀಯಪ್ಪ?" ಅಂತ ಅತ್ತೆ ಕೇಳಿದರು.

"ಸ್ಕ್ಯಾನರ್ ಸಿಗಿಸೋ ಸಾಕೆಟ್ ಮೇಡಂ. ಅದಕ್ಕೆ ಕನೆಕ್ಟ್ ಮಾಡಿದ್ರೆ ಕಾರೇ ತನಗೇನಾಗಿದೆ ಅಂತ ಹೇಳುತ್ತೆ."

"ಈ ಕಾರಲ್ಲಿ ಕರೆಂಟಿಂದ ನಡೆಯೋದು ಲೈಟು, ಹಾರನ್ನು, ವೈಪರ್ರು. ಮೂರಕ್ಕೂ ಕ್ಲಚ್ ಸಮಾಚಾರ ಗೊತ್ತಿಲ್ಲ."

ಪಾಪ, ಅವನು ಸೋಲೊಪ್ಪುವವನಲ್ಲ. ಕಾರಿನ ನಾಲ್ಕೂ ಕಡೆಯ ಫೋಟೋ ತೆಗೆದು ಟ್ಯಾಬಿಗೆ ತೋರಿಸಿದ. ಟ್ಯಾಬು ತುಂಬಾ ಹೊತ್ತು ಯೋಚಿಸಿ, 'ವಾಹನ ಪತ್ತೆಯಾಗಿಲ್ಲ' ಅಂದಿತು.

"ಪತ್ತೆಯಾಗಿಲ್ವಾ? ನಾನು ಇಷ್ಟು ಹೊತ್ತಿಂದ ಯಾವುದಕ್ಕೆ ಒರಗಿಕೊಂಡಿದ್ದೀನಿ ಹಾಗಾದ್ರೆ?" ಅಂದರು ಅತ್ತೆ.

ಅವನಿಗೂ ನಗು ಬಂತು. ತಾತನ ಹತ್ತಿರ ಇಂಥದ್ದೇ ಒಂದು ಇತ್ತಂತೆ, ಚಿಕ್ಕವನಿದ್ದಾಗ ಅದರ ಹಿಂದಿನ ಸೀಟಿನಲ್ಲೇ ಮಲಗುತ್ತಿದ್ದನಂತೆ. ಸ್ಟೀರಿಂಗ್ ಹಿಡಿದು ಕೂತು ಒಂದು ಫೋಟೋ ತೆಗೆಸಿಕೊಂಡ, ಕಾಫಿ ಕುಡಿದ, ಹೋಗುವಾಗ ಸಂಕೋಚದಿಂದ "ಆ್ಯಪಲ್ಲಿ ರೇಟಿಂಗ್ ಹಾಕಿ ಮೇಡಂ" ಅಂದ. ಅತ್ತೆ ನನ್ನ ಫೋನು ಕಿತ್ತುಕೊಂಡು ತಾವೇ ಬರೆದರು. ಐದಕ್ಕೆ ನಾಲ್ಕು. 'ಶೂ ಬಿಚ್ಚಿದ. ಹೇಳಿದ ಮಾತು ಕೇಳಿದ. ಕೆಲಸ ಆಗಲಿಲ್ಲ. ಸಾಕ್ಸ್ ರಿಜೆಕ್ಟ್.'

೨. ಎಲ್ಲಾ ಸರಿ ಐತಿ, ಆದ್ರ ಸರಿ ಇಲ್ಲ

ಎರಡನೆಯವರು ಯಶವಂತಪುರದ ಮೇಸ್ತ್ರಿ. ಹುಬ್ಬಳ್ಳಿ ಕಡೆಯವರು, ನಲವತ್ತು ವರ್ಷದಿಂದ ಇಲ್ಲಿ ಹಳೇ ಗಾಡಿಗಳನ್ನೇ ಮಾಡಿಕೊಂಡಿರುವವರು. ಮಾತು ಮಾತ್ರ ಇವತ್ತು ಬೆಳಿಗ್ಗೆ ರೈಲಿಳಿದ ಹಾಗಿದೆ. ಬಂದವರೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೂ ಹಿಡಿಯನ್ನು ಕಿವಿಗೂ ಇಟ್ಟು, ಡಾಕ್ಟರು ಎದೆ ನೋಡುವ ಹಾಗೆ ಕಣ್ಣು ಮುಚ್ಚಿದರು.

"ಅಮ್ಮಾರ, ಒಳಗ ಪ್ಲೇಟ್ ಹಿಡದೈತ್ರಿ. ಆರು ವರ್ಷ ಮುಖಕ್ಕ ಮುಖ ಕೊಟ್ಟು ಕುಂತ್ರ ಗಂಡಾ ಹೆಂಡ್ತೀನೂ ಹಿಂಗ ಅಂಟ್ಕೋತಾರ್ರೀ."

"ಹೌದಾ? ನಾನು ಕೇಳಿದ್ದು ಬೇರೆ ಥರ" ಅಂದರು ಮದುವೆಯಾಗದ ಅತ್ತೆ.

ಪ್ಲೇಟಿನ ತನಕ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಅದಕ್ಕೆ ಮುಂಚೆ ಸುಲಭದ್ದು ನೋಡೋಣ ಅಂದರು. ಪೆಡಲ್ ಒತ್ತಿದಾಗ ಒಂದು ಎಣ್ಣೆಯ ಕೊಳವೆ ಆ ಒತ್ತಡವನ್ನು ಕ್ಲಚ್ಚಿನ ತನಕ ಒಯ್ಯುತ್ತದೆ. ಅದರೊಳಗೆ ಗಾಳಿ ಸೇರಿದ್ದರೆ ಒತ್ತಡ ಅರ್ಧದಲ್ಲೇ ಸೋತುಹೋಗುತ್ತದೆ. ಗಾಳಿ ತೆಗೆಯಲು ಮೇಸ್ತ್ರಿ ಕಾರಿನ ಕೆಳಗೆ, ನಾನು ಪೆಡಲ್ ಮೇಲೆ, ಅತ್ತೆ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು.

"ಒತ್ತ್ರೀ!"

ಒತ್ತಿದೆ.

"ಬಿಡ್ರೀ!"

ಬಿಟ್ಟೆ.

"ಹನ್ನೊಂದು" ಅಂತ ಅತ್ತೆ ಬರೆದುಕೊಂಡರು.

ನೂರಾ ನಲವತ್ತನೆಯದಕ್ಕೆ ನನ್ನ ಎಡಗಾಲು ನನ್ನದಲ್ಲ ಅನ್ನಿಸತೊಡಗಿತು. ಮೇಸ್ತ್ರಿ ಮುಖಕ್ಕೆಲ್ಲ ಎಣ್ಣೆ ಬಳಿದುಕೊಂಡು ಹೊರಗೆ ತೆವಳಿ ಬಂದರು. "ಗಾಳಿ ಇಲ್ರೀ. ಸೋರಿಕಿ ಇಲ್ರೀ. ಪೈಪು ಛಲೋ ಐತಿ. ಆದ್ರ ಕೆಳಗಿನ ಸರಳು ಪೂರ್ತಿ ಹೊರಗ ಬರವಲ್ದು. ಯಾಕ ಬರವಲ್ದು, ಆ ದೇವರಿಗೇ ಗೊತ್ತು. ಎಲ್ಲಾ ಸರಿ ಐತಿ, ಆದ್ರ ಸರಿ ಇಲ್ಲ."

"ನಮ್ಮ ಫ್ಯಾಕ್ಟರೀಲಿ ಇಂಥ ರಿಪೋರ್ಟ್ ಬರೆದೋರಿಗೇ ಮೊದಲು ಪ್ರಮೋಷನ್ ಸಿಗ್ತಿತ್ತು."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಕಾರಿನ ಸುತ್ತ ಒಂದು ಸುತ್ತು ಬಂದರು. ದನಿ ತಗ್ಗಿಸಿ, "ತಪ್ಪ ತಿಳೀಬ್ಯಾಡ್ರಿ. ಆಯುಧಪೂಜಿಗೆ ಗಾಲಿ ಕೆಳಗ ನಿಂಬಿಹಣ್ಣ ಇಡ್ತೀರೋ ಇಲ್ಲೋ? ಇಷ್ಟ ಚಂದ ಗಾಡಿ, ದೃಷ್ಟಿ ಆಗಿರತೈತಿ" ಅಂದರು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ನಿಂಬೆಹಣ್ಣು ಇರೋದು ಶರಬತ್ತಿಗೆ. ಮತ್ತೆ, ಕ್ಲಚ್ಚಿಗೆ ದೃಷ್ಟಿಯಾಗಬೇಕಾದ್ರೆ ಮೊದಲು ಅದು ಯಾರ ಕಣ್ಣಿಗಾದ್ರೂ ಬೀಳಬೇಕಲ್ಲ ಮೇಸ್ತ್ರಿ. ನಿಮಗೇ ಇನ್ನೂ ಕಂಡಿಲ್ಲ."

೩. ಟ್ರ್ಯಾಕ್ಟರಿನ ಔಷಧಿ

ಕೋಗಿಲಿನ ಗೌಡರು ಈಗ ಬಿಲ್ಡರ್. ಒಂದು ಕಾಲದಲ್ಲಿ ಫ್ಯಾಕ್ಟರಿ ಗೇಟಿನೆದುರು ತಮ್ಮ ತೋಟದ ದ್ರಾಕ್ಷಿ ಮಾರುತ್ತಿದ್ದರು. ಅತ್ತೆ ಅವರ ದ್ರಾಕ್ಷಿಯನ್ನೂ ಒಂದೊಂದೇ ಎತ್ತಿ ನೋಡಿ ರಿಜೆಕ್ಟ್ ಮಾಡುತ್ತಿದ್ದರಂತೆ. ಅಲ್ಲಿಂದ ಬೆಳೆದ ಸ್ನೇಹ. ಸುದ್ದಿ ಕೇಳಿ, ಮಂಚದಷ್ಟು ಅಗಲದ ಕಪ್ಪು ಕಾರಲ್ಲಿ ಬಂದಿಳಿದರು.

"ಇಷ್ಟಕ್ಕೆಲ್ಲ ಎದರ್ಕೊಂಡ್ರೆ ಎಂಗಕ್ಕ? ನಮ್ ಟ್ರ್ಯಾಕ್ಟರ್‌ಗೂ ಮಳೆಗಾಲ ಮುಗುದ್ರೆ ಇಂಗೇ ಕಚ್ಕತಿತ್ತು. ಪೆಡ್ಲು ಒತ್ತಿ ಒಂದ್ ಕೋಲ್ ಕೊಟ್ಟು ಎಲ್ಡ್ ದಿನ ಅಂಗೇ ಬುಟ್ಬುಡಿ. ತಾನೇ ಬುಡ್ತದೆ."

ಪೆಡಲಿಗೂ ಸೀಟಿಗೂ ನಡುವೆ ಸರಿಯಾಗಿ ಕೂರುವ ಕೋಲು ಮನೆಯಲ್ಲಿದ್ದದ್ದು ಒಂದೇ: ಅತ್ತೆಯ ಊರುಗೋಲು. ಅತ್ತೆ ತಾವೇ ಎತ್ತಿ ಕೊಟ್ಟುಬಿಟ್ಟರು. ಎರಡು ದಿನ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ತೋಳು ಹಿಡಿದು ನಡೆಯಿರಿ ಅಂದರೆ "ನೀನು ನೆಟ್ಟಗೆ ನಿಲ್ಲೋಳಲ್ಲ" ಅಂದರು. ನನ್ನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ.

ಎರಡನೇ ದಿನ ಮಧ್ಯಾಹ್ನ, ಬೀದಿಯೆಲ್ಲ ಊಟ ಮಾಡಿ ಅಡ್ಡಾಗಿದ್ದ ಹೊತ್ತಿನಲ್ಲಿ, ಕೋಲು ಜಾರಿ ಮೇಲಕ್ಕೆ ಚಿಮ್ಮಿ ಸ್ಟೀರಿಂಗಿನೊಳಗಿನ ಹಾರನ್ನಿನ ಬಳೆಗೆ ಸಿಕ್ಕಿಕೊಂಡಿತು. ಆ ಕಾಲದ ಹಾರನ್ನು. ಹಡಗು ಬಂದರಿಗೆ ಬರುವಾಗಲೂ ಅಷ್ಟು ಕೂಗುವುದಿಲ್ಲ. ಕಾರಿಗೆ ಬೀಗ, ಬೀಗದ ಕೈ ಎಲ್ಲಿಟ್ಟೆನೋ ನನಗೆ ಮರೆತು, ಹುಡುಕಿ ತೆಗೆಯುವಷ್ಟರಲ್ಲಿ ಆರು ಮನೆಯವರು ಗೇಟಿನ ಮುಂದೆ ನಿಂತಿದ್ದರು. ಯಾರೂ ಬೈಯಲು ಬಂದಿರಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ ಮತ್ತೆ ಕಾರು ತೆಗೆದ್ರಾ?"

ಅತ್ತೆ ಕೂತಲ್ಲಿಂದಲೇ "ಇನ್ನೂ ಇಲ್ಲ" ಅಂದರು. ಆ 'ಇನ್ನೂ' ನನಗೆ ಚೆನ್ನಾಗಿ ಕೇಳಿಸಿತು.

ಕ್ಲಚ್ಚು ಬಿಟ್ಟಿರಲಿಲ್ಲ. ಕೋಲು ಮಾತ್ರ ಬಾಗಿತ್ತು. ಗೌಡರು ತಲೆ ಕೆರೆದುಕೊಂಡರು. "ನಮ್ ಟ್ರ್ಯಾಕ್ಟರ್‌ಗೆ ಇಡುದ ಔಸ್ದಿ ಇದ್ಕ್ಯಾಕ್ ಇಡೀಲಿಲ್ವೋ ಕಾಣೆ!"

"ನಿಮ್ಮ ಟ್ರ್ಯಾಕ್ಟರಿಗೆ ಉಳೋಕೆ ಹೊಲ ಇತ್ತು ಗೌಡ್ರೆ. ಆ ಆಸೆಗೆ ಬಿಡ್ತಿತ್ತು."

"ಈಗ ಅದೂ ಇಲ್ಲ ಬುಡಿ" ಅಂದರು ಗೌಡರು. "ಒಲದಾಗೆ ಪಾರ್ಕಿಂಗ್ ಮಾಡಿವ್ನಿ. ಅಲ್ಲೇ ನಿಂತೈತೆ ಪಾಪ, ಇಸಿಟರ್ಸ್ ಜಾಗ್ದಲ್ಲಿ."

೪. ಗಂಗಮ್ಮ ಸರ್ಕಲ್ಲಿನ ಸೆಲ್ಯೂಟು

ಹೀಗೆ ಒಂಬತ್ತು ದಿನ ಮುಗಿದವು. ಗೇರ್‌ಬಾಕ್ಸ್ ಇಳಿಸುವಷ್ಟು ಸಮಯ ಇರಲಿಲ್ಲ. ಒಂಬತ್ತನೇ ದಿನ ಸಂಜೆ ಅತ್ತೆ ಹಳೇ ಟ್ರಂಕಿನಿಂದ ಒಂದು ಕೆಂಪು ಚೀಟಿ ತೆಗೆದರು. ಫ್ಯಾಕ್ಟರಿಯ ಕಾಲದ್ದು, ದಾರದ ಸಮೇತ. 'ತಿರಸ್ಕೃತ' ಅಂತ ಅಚ್ಚಾಗಿತ್ತು. ಕೆಳಗೆ 'ಕಾರಣ' ಅಂತ ಬರೆದು ಖಾಲಿ ಜಾಗ. ಅದನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಅವತ್ತು ನನ್ನ ಚಪಾತಿಗಳೆಲ್ಲ ಪಾಸಾದವು. ಅವರು ಒಂದನ್ನೂ ನೋಡಲೇ ಇಲ್ಲ.

ನಾನು ಮೇಸ್ತ್ರಿಗೆ ಫೋನ್ ಮಾಡಿದೆ. "ಕ್ಲಚ್ ಇಲ್ದ ಓಡಸಬೌದ್ರೀ" ಅಂದರು. "ಬಂದ್ ಇದ್ದಾಗ ಒಂದನೇ ಗೇರ್ ಹಾಕ್ರಿ, ಕೀಲಿ ತಿರುವ್ರಿ, ಗಾಡಿ ಜಿಗದು ಹೊಂಡತೈತಿ. ಆದ್ರ ನಿಲ್ಲಸಬ್ಯಾಡ್ರಿ. ನಿಲ್ಲಸಲೇಬೇಕಂದ್ರ ಕೀಲಿ ತಗದು ಬ್ರೇಕ್ ಒತ್ರಿ. ನಾ ಮುಂದ ಬರ್ತೀನಿ."

ಬೆಂಗಳೂರಿನಲ್ಲಿ ನಿಲ್ಲಿಸದೆ ಏಳು ಕಿಲೋಮೀಟರ್! ಮರುಭೂಮಿಯಲ್ಲಿ ಓಡಿಸಿದ್ದೇನೆ, ಹಿಮದ ಮೇಲೆ ಓಡಿಸಿದ್ದೇನೆ. ಅಲ್ಲೆಲ್ಲ ನಿಲ್ಲಿಸೋಕೆ ಕ್ಲಚ್ ಇತ್ತು.

ಬೆಳಿಗ್ಗೆ ಹೊರಟೆವು. ಮುಂದೆ ಸ್ಕೂಟರಿನಲ್ಲಿ ಮೇಸ್ತ್ರಿ, ಒಂದು ಕೈ ಗಾಳಿಯಲ್ಲಿ ಬೀಸುತ್ತಾ "ಸರೀರಿ, ಸರೀರಿ" ಅಂತ. ನಡುವೆ ನಾವು, ಬರಿಗಾಲಲ್ಲಿ, ಒಂದನೇ ಗೇರಿನಲ್ಲಿ, ಗಂಟೆಗೆ ಹನ್ನೆರಡು ಕಿಲೋಮೀಟರಿನಂತೆ. ಅತ್ತೆ ಹಿಂದಿನ ಸೀಟಿನಲ್ಲಿ, ಇಳಕಲ್ ಸೀರೆ, ತಂಪು ಕನ್ನಡಕ. ನಮ್ಮ ಹಿಂದೆ ಗೌಡರ ಕಪ್ಪು ಕಾರು, ನಾಲ್ಕೂ ದೀಪ ಮಿನುಗಿಸಿಕೊಂಡು, ಯಾರೂ ನಮಗೆ ಗುದ್ದದಿರಲಿ ಅಂತ.

ಗಂಗಮ್ಮ ಸರ್ಕಲ್ ಬಂತು. ಸಿಗ್ನಲ್ ಕೆಂಪು. ನನ್ನ ಕೈ ಕೀಲಿಯ ಮೇಲೆ. ನಡುವೆ ನಿಂತಿದ್ದ ಪೊಲೀಸಪ್ಪ ನಮ್ಮ ಕಡೆ ತಿರುಗಿದ. ಮುಂದೆ ದಾರಿ ಬಿಡಿಸುತ್ತಿರುವ ಒಬ್ಬ; ನಡುವೆ ನಿಧಾನವಾಗಿ, ಬಲು ಗಂಭೀರವಾಗಿ ಬರುತ್ತಿರುವ ಬಿಳಿ ಹಳೇ ಕಾರು; ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತ ಹಿರಿಯ ಹೆಂಗಸು; ಬೆನ್ನಿಗೆ ದೀಪ ಮಿನುಗಿಸುವ ಕಪ್ಪು ಕಾರು. ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ಸೀಟಿ ಊದಿ, ಎರಡೂ ಕಡೆಯ ಬಸ್ಸು ಲಾರಿಗಳನ್ನೆಲ್ಲ ತಡೆದು, ಅಟೆನ್ಷನ್ನಿನಲ್ಲಿ ನಿಂತು ಸೆಲ್ಯೂಟ್ ಹೊಡೆದ.

"ಈಗೇನ್ ಮಾಡ್ಲಿ ಅತ್ತೆ?"

"ನೀನು ಮುಂದೆ ನೋಡಿ ಓಡಿಸು" ಅಂದ ಅತ್ತೆ, ಕಿಟಕಿಯಿಂದ ಕೈ ಹೊರಗೆ ಹಾಕಿ, ಬಲು ನಿಧಾನವಾಗಿ, ಅಭ್ಯಾಸ ಇದ್ದವರ ಹಾಗೆ ಬೀಸಿದರು.

ಎಂ.ಎಸ್. ಪಾಳ್ಯದ ಹತ್ತಿರ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ, ಅವನೂ ಕೈ ಮುಗಿದ.

೫. ಇನ್‌ಸ್ಪೆಕ್ಟರಿಗೆ ಇನ್‌ಸ್ಪೆಕ್ಟರು

ಯಲಹಂಕದ ಮೈದಾನದಲ್ಲಿ ಕೀಲಿ ತೆಗೆದು ನಿಲ್ಲಿಸಿದೆ. ಇನ್‌ಸ್ಪೆಕ್ಟರ್ ಸಣ್ಣ ವಯಸ್ಸಿನವರು, ತಾಳ್ಮೆಯವರು. ಲೈಟು ನೋಡಿದರು, ಹಾರನ್ ಕೇಳಿ ಒಂದು ಹೆಜ್ಜೆ ಹಿಂದೆ ಸರಿದರು. "ಸರಿ ಮೇಡಂ, ಸ್ಟಾರ್ಟ್ ಮಾಡಿ ರಿವರ್ಸ್ ತಗೊಳ್ಳಿ."

ನಾನು ಅತ್ತೆಯ ಮುಖ ನೋಡಿದೆ. ಸುಳ್ಳು ಹೇಳೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅತ್ತೆ ಅಷ್ಟರಲ್ಲೇ, "ರಿವರ್ಸ್ ಬೀಳಲ್ಲ. ಕ್ಲಚ್ ಬಿಡ್ತಿಲ್ಲ" ಅಂದುಬಿಟ್ಟರು. ಅವರ ಕೈ ಚೀಲದೊಳಗೆ ಹೋಯಿತು, ಕೆಂಪು ಚೀಟಿಗೆ.

"ಇರಿ, ಫ್ಲೋರಾದ್ರೂ ನೋಡ್ತೀನಿ. ಹಳೇ ಗಾಡಿಗಳಲ್ಲಿ ತಳ ತುಕ್ಕು ಹಿಡಿದಿರುತ್ತೆ" ಅಂತ ಇನ್‌ಸ್ಪೆಕ್ಟರು ಬಗ್ಗಿ, ಪೆಡಲ್ ಕೆಳಗಿನ ಕೆಂಪು ಮ್ಯಾಟಿಗೆ ಕೈ ಹಾಕಿದರು.

"ಮ್ಯಾಟ್ ಮುಟ್ಟಬೇಡಿ!" ಅತ್ತೆಯ ದನಿಗೆ ನಾನೇ ಬೆಚ್ಚಿದೆ.

"ಅಮ್ಮಾ, ನೋಡದೇನೇ ಪಾಸ್ ಮಾಡ್ಲಾ?"

ಮೂವತ್ತನಾಲ್ಕು ವರ್ಷ ಇದೇ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿದ್ದ ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮ್ಯಾಟ್ ಎದ್ದಿತು. ಕ್ಲಚ್ ಪೆಡಲಿನ ನೇರಕ್ಕೆ, ನೆಲಕ್ಕೆ ಅಂಟಿಕೊಂಡು, ಕಪ್ಪಗೆ, ಒಣಗಿ ಕೊರಡಾದ ಒಂದು ಹೆಂಟೆ. ಇನ್‌ಸ್ಪೆಕ್ಟರು ಮೂಸಿ ನೋಡಿ, "ಉಪ್ಪಿನಕಾಯಿನಾ?" ಅಂದರು. ಮೇಸ್ತ್ರಿ ಸ್ಕ್ರೂಡ್ರೈವರ್ ಹಾಕಿ ಮೀಟಿ ಎಬ್ಬಿಸಿದರು. ಅಂಗೈ ಮೇಲಿಟ್ಟು ಪದರ ಪದರ ಬಿಡಿಸಿದರು. ಒಂದು, ಎರಡು, ಮೂರು... ಆರು ನಿಂಬೆಹಣ್ಣು. ಚಪ್ಪಟೆ. ಒಂದರ ಮೇಲೊಂದು.

ಎಲ್ಲರೂ ಅತ್ತೆಯನ್ನು ನೋಡಿದೆವು. ಅತ್ತೆ ಆಕಾಶ ನೋಡಿದರು.

"ಅಮ್ಮಾರ," ಅಂದರು ಮೇಸ್ತ್ರಿ ಮೆಲ್ಲಗೆ, "ಶರಬತ್ತಿಗಂದ್ರಿ?"

ಅತ್ತೆ ಬಾಯಿ ಬಿಟ್ಟರು. "ಆಯುಧಪೂಜೆ ದಿವಸ ಬೀದೀಲಿರೋ ಗಾಡಿಗಳೆಲ್ಲ ನಿಂಬೆಹಣ್ಣು ಒಡೀತವೆ. ಇದೊಂದೇ ಮೂಲೇಲಿ ನಿಂತಿರುತ್ತೆ. ಚಕ್ರದ ಕೆಳಗಿಟ್ಟರೆ ಒಡೆಯೋಕೆ ಅದು ಓಡಲ್ಲವಲ್ಲ. ಪಾಪ ಅನ್ನಿಸ್ತು. ಅದಕ್ಕೆ ವರ್ಷಕ್ಕೊಂದು ಪೆಡಲ್ ಕೆಳಗಿಟ್ಟು, ನಾನೇ ಒತ್ತಿ ಒಡೀತಿದ್ದೆ. ಯಾರೂ ನೋಡದಿರಲಿ ಅಂತ ಮ್ಯಾಟ್ ಮುಚ್ಚಿದ್ದೆ." ಆಮೇಲೆ ದನಿಯಲ್ಲಿ ಹಳೇ ಖಡಕ್ಕು ಬಂತು. "ಸುಮ್ಮನೆ ಇಟ್ಟಿಲ್ಲ. ಚಪ್ಪಟೆಯಾದಮೇಲೆ ಪ್ರತಿಯೊಂದನ್ನೂ ಅಳೆದಿದ್ದೀನಿ. ಯಾವುದೂ ನಾಲ್ಕು ಮಿಲಿಮೀಟರ್ ದಾಟಿಲ್ಲ. ನಾಲ್ಕು ಮಿಲಿಮೀಟರಿಗೆ ಯಾವ ಪೆಡಲ್ಲೂ ಕೆಡಲ್ಲ!"

"ಖರೆ ಐತ್ರಿ" ಅಂದರು ಮೇಸ್ತ್ರಿ. "ಆರೂ ಕೂಡಿದ್ರ ಎಷ್ಟಾತ್ರಿ?"

ಅತ್ತೆಯ ತುಟಿ ಲೆಕ್ಕಕ್ಕೆ ಅಲುಗಿತು. ನಿಂತಿತು. ಒಂದು ಇಂಚು. ಪೆಡಲ್ ಕೊನೆಯ ಒಂದು ಇಂಚು ಇಳಿಯದೆ, ಕ್ಲಚ್ಚು ಪೂರ್ತಿ ಬಿಡದೆ, ನಾವೆಲ್ಲ ಹತ್ತು ದಿನ ಕಾರಿನ ಕೆಳಗೆ ಬಿದ್ದಿದ್ದೆವು. ಮ್ಯಾಟಿನ ಕೆಳಗೆ ಮಾತ್ರ ಯಾರೂ ನೋಡಿರಲಿಲ್ಲ.

ನಾನು ಹತ್ತಿ ಕೂತು ಕ್ಲಚ್ ಒತ್ತಿದೆ. ಪಾದ ನೆಲದ ತನಕ ಹೋಯಿತು. ರಿವರ್ಸ್ ಹಾಕಿದೆ. ಸದ್ದೇ ಇಲ್ಲ, ಬೆಣ್ಣೆಗೆ ಚಾಕು ಇಳಿದ ಹಾಗೆ. ಕಾರು ಹಿಂದೆ ಹೋಯಿತು, ಮುಂದೆ ಬಂತು, ಇನ್‌ಸ್ಪೆಕ್ಟರು ಕಾಗದಕ್ಕೆ ಸಹಿ ಹಾಕಿದರು. ಗೌಡರು ಸೀಟಿ ಹೊಡೆದರು.

ಅತ್ತೆ ಕೈಚೀಲದಿಂದ ಕೆಂಪು ಚೀಟಿ ತೆಗೆದು, ಬಾನೆಟ್ಟಿನ ಮೇಲಿಟ್ಟು, ಪೆನ್ನು ಕೇಳಿ ಪಡೆದು, 'ಕಾರಣ' ಅನ್ನೋ ಜಾಗದಲ್ಲಿ ಬರೆದರು: 'ತಪಾಸಕಿಗೆ ಕೂಡುವ ಲೆಕ್ಕ ಬರುವುದಿಲ್ಲ.' ಅದನ್ನು ತಮ್ಮ ಬಾಗಿದ ಊರುಗೋಲಿಗೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಈ ಸಲ ಮುಂದಿನ ಸೀಟಿಗೆ ಹತ್ತಿದರು.

ವಾಪಸ್ ಬರುವಾಗ ಮೇಸ್ತ್ರಿ ತಮ್ಮ ದಾರಿ ಹಿಡಿದರು, ಗೌಡರು ತಮ್ಮ ದಾರಿ ಹಿಡಿದರು. ನಾನು ಗೇರುಗಳನ್ನೆಲ್ಲ ಮನಸಾರೆ ಬದಲಾಯಿಸುತ್ತಾ, ಎಲ್ಲರಂತೆ ಓಡಿಸಿಕೊಂಡು ಬಂದೆ. ಗಂಗಮ್ಮ ಸರ್ಕಲ್ಲಿನಲ್ಲಿ ಅದೇ ಪೊಲೀಸಪ್ಪ. ಅತ್ತೆ ಸೆರಗು ಸರಿಮಾಡಿಕೊಂಡು, ಕೈ ಕಿಟಕಿಯ ಹತ್ತಿರ ತಂದು ಸಿದ್ಧವಾದರು.

ಅವನು ನಮ್ಮತ್ತ ತಿರುಗಿಯೂ ನೋಡದೆ ಅಂಗೈ ಅಡ್ಡ ಹಿಡಿದ. ಬ್ರೇಕ್ ಒತ್ತಿ, ಕ್ಲಚ್ ಒತ್ತಿ, ನಿಲ್ಲಿಸಿದೆ. ಒಂದು ನಿಮಿಷ ಕಳೆಯಿತು. ಎರಡಾಯಿತು. ಕಸದ ಗಾಡಿ ಹೋಯಿತು, ಶಾಲೆ ಬಸ್ ಹೋಯಿತು, ಎಮ್ಮೆಗಳೂ ಹೋದವು.

ಅತ್ತೆ ಕಿಟಕಿಯಿಂದ ಕೈ ಒಳಗೆ ತಗೊಂಡರು.

"ಮನೆಗೆ ಹೋಗ್ತಾ ಮಾರ್ಕೆಟ್ಟಲ್ಲಿ ನಿಲ್ಲಿಸು" ಅಂದರು. "ಆರು ನಿಂಬೆಹಣ್ಣು ತಗೋಬೇಕು."